ಸದ್ಭಾವನೆಯೂ ಆಯುಷ್ಯವೂ

ಮನದ ಪ್ರಸನ್ನತೆಯು ದೇಹಕ್ಕೂ ಹಿತವೆಂಬ ಮಾತಿಗೆ ಅಮೇರಿಕಾ ದೇಶದ ಕ್ರೈಸ್ತ ಸಂನ್ಯಾಸಿನಿಯರ ಬಾಳು ಸಾಕ್ಷಿಯಾಗಿರುವುದು. ಸರಾಸರಿ 22ನೆಯ ವಯಸ್ಸಿನಲ್ಲಿ ಅವರು ತಂತಮ್ಮ ಜೀವನವೃತ್ತಾಂತವನ್ನು ಸ್ವಹಸ್ತದಿಂದ ಬರೆದು ಮಠಕ್ಕೊಪ್ಪಿಸಿದ್ದರು. ಆ ಬರಹವು ಮುಂದೆ ಆಯುಷ್ಯದ ಅಳತೆಗೋಲಾದೀತೆಂದು ಅವರಾರೂ ಎಣಿಸಿರಲಿಕ್ಕಿಲ್ಲ. ಅಂತಹ 180 ಲೇಖನಗಳನ್ನು ಕೆಂಟಕಿ ವಿಶ್ವವಿದ್ಯಾನಿಲಯದ ಪಂಡಿತರು ಪರಿಶೋಧಿಸಿ 2001ರಲ್ಲಿ ಫಲವನ್ನು ಪ್ರಕಟಿಸಿದರು. ಸಂತೋಷ, ಕೃತಜ್ಞತೆ, ಭರವಸೆಗಳನ್ನು ಹೇರಳವಾಗಿ ಬರೆದವರು ಹೆಚ್ಚು ಕಾಲ ಬಾಳಿದ್ದರು. ಅವು ತೀರ ವಿರಳವಾಗಿದ್ದವರಿಗೆ ವಾರ್ಧಕ್ಯದಲ್ಲಿ ಮರಣಸಂಭವವು ಎರಡೂವರೆ ಪಟ್ಟು ಅಧಿಕವಾಗಿತ್ತು. ಎಲ್ಲರದೂ ಹೆಚ್ಚುಕಡಮೆ ಒಂದೇ ಬಗೆಯ ಊಟ, ವಸತಿ, ದಿನಚರಿ. ಆದುದರಿಂದಲೇ ಈ ಸಾಕ್ಷ್ಯಕ್ಕೆ ಬೆಲೆ. ಹಾಗೆಂದು ಪ್ರಸನ್ನತೆಯೊಂದೇ ಕಾರಣವೆಂದು ಇದರಿಂದ ಸಿದ್ಧವಾಗದು. ರೋಗಿಯಾದವನು ತನ್ನ ಮನಸ್ಸನ್ನೇ ಹಳಿದುಕೊಂಡು ಔಷಧವನ್ನು ತೊರೆಯುವುದು ಶುದ್ಧ ಅವಿವೇಕ. ಆ ಸಂನ್ಯಾಸಿನಿಯರಿಗಾದರೂ ವೈದ್ಯಸಹಾಯವು ಸಮನಾಗಿ ದೊರೆಯುತ್ತಲೇ ಇದ್ದಿತು.