ಕ್ಷೇಮ ಕೇಳಿದ ಮೇಲಧಿಕಾರಿ



ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೊಂದಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಅಪ್ಪಣೆ ಅದು. ಆ ಸುವರ್ಣಗಿರಿ ನಮ್ಮ ಗಂಗಾವತಿ ಸೀಮೆಯ ಕನಕಗಿರಿಯೇ ಎನ್ನುವ ವಿದ್ವಾಂಸರಿದ್ದಾರೆ, ಬೇರೆ ಊರು ಹೇಳುವವರೂ ಇದ್ದಾರೆ. ನನ್ನ ಮನಸ್ಸು ಹಿಡಿದದ್ದು ಶಾಸನದ ಆರಂಭ. ಅಪ್ಪಣೆಗೆ ಮೊದಲು ಮೇಲಿನವರು ಕೆಳಗಿನವರ ಆರೋಗ್ಯ ಹಾರೈಸುತ್ತಾರೆ. ಕ್ರಿಸ್ತಪೂರ್ವ 3ನೇ ಶತಮಾನದ ಸರಕಾರಿ ಆದೇಶದಲ್ಲಿ ಅಷ್ಟು ಸೌಜನ್ಯಕ್ಕೆ ಜಾಗವಿತ್ತು.

ಆ ಸೌಜನ್ಯ ಇಂದಿನ ಎಲ್ಲ ಮೇಲಧಿಕಾರಿಗಳಲ್ಲಿ ಕಾಣುವುದಿಲ್ಲ. ಇಂದು ಗಿಣಿಗೇರಿ, ಬೇವಿನಹಳ್ಳಿಗಳ ಉಕ್ಕು-ಕಬ್ಬಿಣದ ಕಾರ್ಖಾನೆಗಳಿಗೆ, ಭಾನಾಪುರದ ಆಟಿಕೆ ಘಟಕಗಳಿಗೆ, ದೂರದ ಬೆಂಗಳೂರು-ಪುಣೆಗಳ ಕಂಪನಿಗಳಿಗೆ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಓದಿದ ಹುಡುಗ-ಹುಡುಗಿಯರು ಹೋಗುತ್ತಾರೆ. ಅನೇಕ ಮನೆಗಳಲ್ಲಿ ತಿಂಗಳ ಸಂಬಳ ಕಂಡ ಮೊದಲ ತಲೆಮಾರು ಇವರದೇ. ಹೊರಡುವಾಗ ತಂದೆ ಹೇಳುತ್ತಾರೆ: ‘ಸಾಹೇಬ್ರಿಗೆ ಎದುರು ಮಾತಾಡಬ್ಯಾಡಪ್ಪಾ.’ ಆ ಮಾತಿನಲ್ಲಿ ಪ್ರೀತಿಯಿದೆ, ತಲೆತಲಾಂತರದ ಅಂಜಿಕೆಯೂ ಇದೆ. ಮಗ ವರ್ಷಗಟ್ಟಲೆ ಬೈಗುಳ ನುಂಗುತ್ತಾನೆ. ಒಂದು ದಿನ ಸಿಟ್ಟು ನೆತ್ತಿಗೇರಿ, ರಾಜೀನಾಮೆ ಕೊಟ್ಟು ಊರಿಗೆ ಬಂದುಬಿಡುತ್ತಾನೆ. ನುಂಗುವುದಕ್ಕೂ ಓಡುವುದಕ್ಕೂ ನಡುವೆ, ನೆಟ್ಟಗೆ ನಿಂತು ಕೇಳುವ ದಾರಿಯೊಂದಿದೆ ಎಂದು ಅವನಿಗೆ ಯಾರೂ ಕಲಿಸಿರುವುದಿಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ.

ಗದರುವವರೆಲ್ಲ ಕೆಟ್ಟವರಲ್ಲ. ಕುಲುಮೆಯ ಹತ್ತಿರ ಹೆಲ್ಮೆಟ್ ಇಲ್ಲದೆ ನಿಂತವನಿಗೆ ಕೂಗಾಡುವ ಸಾಹೇಬ ಅವನ ಜೀವ ಕಾಯುತ್ತಿರುತ್ತಾನೆ. ಲೆಕ್ಕದ ತಪ್ಪನ್ನು ಮೂರು ಸಲ ತಿದ್ದಿಸುವವನ ಕೈಕೆಳಗೆ ಕಲಿತದ್ದು ಎಲ್ಲಿ ಹೋದರೂ ಅನ್ನ ಕೊಡುತ್ತದೆ. ಅಂಥವರನ್ನು ಬಿಟ್ಟು ಬರಬೇಡಿ. ನಿಮ್ಮ ಕೆಲಸಕ್ಕೆ ತನ್ನ ಹೆಸರು ಹಾಕಿಕೊಳ್ಳುವವನು, ನಿಮ್ಮ ಊರು, ಜಾತಿ, ಮಾತಿನ ಧಾಟಿ ಹಿಡಿದು ಹತ್ತು ಜನರ ಮುಂದೆ ಹಂಗಿಸುವವನು ಬೇರೆ. ಅವನನ್ನು ಸಹಿಸುವುದು ವಿಧೇಯತೆ ಎಂದು ನಾನು ಒಪ್ಪುವುದಿಲ್ಲ.

ಅವನೊಡನೆ ಕೂಗಾಡಿದರೆ ಗೆಲ್ಲುವವನು ಅವನೇ. ನಡೆದದ್ದನ್ನು ದಿನಾಂಕ ಹಾಕಿ ಬರೆದಿಡಿ. ಬಾಯಿಮಾತಿನಲ್ಲಿ ಹೇಳಿದ ಕೆಲಸವನ್ನು ‘ತಾವು ಹೇಳಿದಂತೆ’ ಎಂದು ಆ ದಿನವೇ ಇಮೇಲ್‌ನಲ್ಲಿ ದಾಖಲಿಸಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ತಣ್ಣಗಿನ ದನಿಯಲ್ಲಿ, ನನ್ನ ತಪ್ಪೇನು ಎಂದು ಅವನನ್ನೇ ಕೇಳಿ. ಬಗೆಹರಿಯದಿದ್ದರೆ ಬೇರೆ ಶಿಫ್ಟ್, ಬೇರೆ ವಿಭಾಗ ಬೇಡಿ. ಎಷ್ಟೋ ಸಲ ಕಂಪನಿ ಬಿಡುವ ಅಗತ್ಯವೇ ಬೀಳುವುದಿಲ್ಲ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಿದೆ. 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು.

ಇನ್ನು ಬಿಡುವ ಮಾತು. ಕಲಿಯುವುದು ನಿಂತಿದ್ದರೆ, ಬಡ್ತಿಯ ದಾರಿ ಮುಚ್ಚಿದ್ದರೆ, ಮೈ-ಮನಸ್ಸು ಕೆಡುತ್ತಿದ್ದರೆ ಬಿಡುವುದೇ ಸರಿ. ಮಳೆ ಕೈಕೊಟ್ಟಾಗ ಗುಳೆ ಹೋಗಿ ಬದುಕು ಕಟ್ಟಿಕೊಂಡ ಸೀಮೆ ನಮ್ಮದು; ಜಾಗ ಬದಲಿಸುವುದು ನಮಗೆ ಅವಮಾನವಲ್ಲ. ಆದರೆ ಸಿಟ್ಟಿನ ದಿನ ಬಿಡಬೇಡಿ, ಲೆಕ್ಕ ಹಾಕಿ ಬಿಡಿ. ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ 5 ವರ್ಷಗಳ ಸತತ ಸೇವೆ ಬೇಕು. ನಾಲ್ಕೂಕಾಲು ವರ್ಷ ತಡೆದವನು ಇನ್ನೊಂದಿಷ್ಟು ತಿಂಗಳು ತಡೆದರೆ ಆ ಹಣ ಅವನ ಮನೆಗೆ ಬರುತ್ತದೆ. ಭವಿಷ್ಯನಿಧಿಯ (ಪಿಎಫ್) ಪಿಂಚಣಿಗೆ ಒಟ್ಟು 10 ವರ್ಷಗಳ ಸೇವೆ ಬೇಕು. ಕಂಪನಿ ಬದಲಾದರೂ ನಿಮ್ಮ ಪಿಎಫ್‌ನ ಯುಎಎನ್ ಸಂಖ್ಯೆ ಒಂದೇ. ಆದ್ದರಿಂದ ಹಳೆಯ ಪಿಎಫ್ ಹಣವನ್ನು ಬಿಡಿಸಿಕೊಂಡು ಖರ್ಚು ಮಾಡದೆ ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ.

ತಂದೆ-ತಾಯಿಯರಲ್ಲಿ ನನ್ನದೊಂದು ಬೇಡಿಕೆ. ಮಕ್ಕಳು ರಾತ್ರಿ ಫೋನ್ ಮಾಡಿ ‘ಇಲ್ಲಿ ಆಗವಲ್ದು’ ಅಂದಾಗ ತಕ್ಷಣ ‘ಸಹಿಸ್ಕೋ’ ಎನ್ನಬೇಡಿ, ಪೂರ್ತಿ ಕೇಳಿ. ಮಕ್ಕಳೇ, ಹೊಸ ಕೆಲಸದ ಪತ್ರ ಕೈಗೆ ಬಂದ ಮೇಲೆಯೇ ರಾಜೀನಾಮೆ ಬರೆಯಿರಿ. ನೋಟಿಸ್ ಅವಧಿ ಮುಗಿಸಿ, ಕೆಲಸವನ್ನು ಮುಂದಿನವರಿಗೆ ಸರಿಯಾಗಿ ಒಪ್ಪಿಸಿ, ಬಿಡುಗಡೆ ಪತ್ರ ಮತ್ತು ಅನುಭವ ಪತ್ರ ಎರಡನ್ನೂ ಕೇಳಿ ಪಡೆದುಕೊಂಡು ಹೊರಡಿ.