ಇದ್ದಿಲಿನಲ್ಲಿ ವಿದ್ಯುತ್ ಸಂಗ್ರಹ

ಕಂಡೆನ್ಸರ್ ಎಂಬ ಮಾತು ರೇಡಿಯೋ ಇಟ್ಟುಕೊಂಡ ಮನೆಗಳಿಗೆ ಹೊಸದಲ್ಲ. ಹಳೆಯ ಸೆಟ್ಟು ಗುಂಯ್‌ಗುಟ್ಟಿದರೆ ರಿಪೇರಿಯವರು ಮೊದಲು ದೂರುವುದು ಅದನ್ನೇ. ಎರಡು ಲೋಹದ ಹಾಳೆಗಳು, ನಡುವೆ ವಿದ್ಯುತ್ತನ್ನು ಬಿಡದ ತೆಳುಪದರ. ಹಾಳೆಗಳ ಮೇಲೆ ವಿದ್ಯುದಾವೇಶ ನಿಲ್ಲುತ್ತದೆ. ನಿಲ್ಲುವುದೇನೋ ನಿಜ, ಆದರೆ ಬಹು ಅಲ್ಪ. ಹೆಚ್ಚು ನಿಲ್ಲಬೇಕಾದರೆ ಹಾಳೆಯ ಹರವು ಹಿಗ್ಗಬೇಕು, ನಡುವಣ ಅಂತರ ಕುಗ್ಗಬೇಕು.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಬೆಕರ್ ಎಂಬವರು 1957ರಲ್ಲಿ ಪಡೆದ ಪೇಟೆಂಟು ಇದಕ್ಕೊಂದು ದಾರಿ ತೋರಿತು. ಹಾಳೆಯ ಬದಲು ರಂಧ್ರಮಯ ಇಂಗಾಲವನ್ನು ದ್ರಾವಣದಲ್ಲಿ ಅದ್ದುವುದೇ ಆ ದಾರಿ. ತೆಂಗಿನ ಚಿಪ್ಪನ್ನು ಸುಟ್ಟು ಸಂಸ್ಕರಿಸಿದ ಇದ್ದಿಲು ಈಗ ಈ ಕೆಲಸಕ್ಕೆ ಒದಗುತ್ತಿದೆ. ಅದರ ಒಂದು ಗ್ರಾಮಿನೊಳಗಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 1000 ಚದರ ಮೀಟರಿಗೂ ಮಿಗಿಲು; ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನೆನ್ನಿ! ದ್ರಾವಣದ ಅಯಾನುಗಳು ಆ ಗೋಡೆಗಳಿಗೆ ಒತ್ತಿ ನಿಲ್ಲುತ್ತವೆ. ಇದೇ ಸೂಪರ್‌ಕೆಪಾಸಿಟರ್. ರಾಸಾಯನಿಕ ಬದಲಾವಣೆ ಇಲ್ಲದ ಕಾರಣ ಕೆಲವೇ ಸೆಕೆಂಡುಗಳಲ್ಲಿ ತುಂಬುತ್ತದೆ, ಲಕ್ಷಾಂತರ ಸಲ ತುಂಬಿ ಬರಿದಾದರೂ ಸವೆಯುವುದು ಕಡಿಮೆ. ಷಾಂಘೈ ನಗರದಲ್ಲಿ 2006ರಲ್ಲಿ ಇಂಥ ಬಸ್ಸುಗಳು ನಿಲ್ದಾಣಗಳಲ್ಲಿ ವಿದ್ಯುತ್ತು ತುಂಬಿಸಿಕೊಳ್ಳುತ್ತ ಓಡತೊಡಗಿದವು. ಕೊರತೆಯೊಂದೇ: ತೂಕಕ್ಕೆ ತೂಕ ನೋಡಿದರೆ ಲಿಥಿಯಂ ಬ್ಯಾಟರಿ ಹಿಡಿಯುವ ಶಕ್ತಿಯಲ್ಲಿ ಸುಮಾರು ಇಪ್ಪತ್ತರಲ್ಲೊಂದು ಪಾಲು ಮಾತ್ರ.

ಇಲ್ಲಿ ಮ್ಯಾಂಗನೀಸ್ ಡೈಆಕ್ಸೈಡಿನ ಪ್ರವೇಶ. ಟಾರ್ಚಿನ ಸೆಲ್ ಒಡೆದರೆ ಕೈಗೆ ಮೆತ್ತುವ ಕರಿಪುಡಿಯಲ್ಲಿ ಇರುವುದು ಇದೇ. ಮ್ಯಾಂಗನೀಸ್ ಅದುರಂತೂ ನಮ್ಮ ಸಂಡೂರಿನಲ್ಲೇ ಉಂಟು. ಲೀ ಮತ್ತು ಗುಡ್‌ಇನಫ್ ಎಂಬ ವಿಜ್ಞಾನಿಗಳು 1999ರಲ್ಲಿ ಇದನ್ನು ಕೆಪಾಸಿಟರಿಗೆ ಬಳಸಿ ತೋರಿಸಿದರು. ಇದರ ಮೈಮೇಲಿನ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕೊಟ್ಟುಕೊಳ್ಳುವುದರಿಂದ ಇದ್ದಿಲಿಗಿಂತ ಹೆಚ್ಚು ಆವೇಶ ಹಿಡಿಯುತ್ತದೆ. ಆದರೆ ಇದು ಒಳ್ಳೆಯ ವಾಹಕವಲ್ಲ. ದಪ್ಪನಾಗಿ ಬಳಿದರೆ ಮೇಲ್ಚರ್ಮ ದುಡಿಯುತ್ತದೆ, ಒಳಗಿನದು ಸುಮ್ಮನೆ ಕುಳಿತಿರುತ್ತದೆ. ಆದ್ದರಿಂದ ಇಂಗಾಲದ ಸೂಕ್ಷ್ಮ ನಳಿಗೆಗಳ ಮೇಲೆ ಇದನ್ನು ಕೆಲವೇ ನ್ಯಾನೋಮೀಟರು ತೆಳುವಾಗಿ ಲೇಪಿಸುತ್ತಾರೆ. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರು. ಇಂಗಾಲ ದಾರಿ, ಆಕ್ಸೈಡು ಉಗ್ರಾಣ. ನ್ಯಾನೋಮಿಶ್ರಣವೆಂದರೆ ಇಂಥದೇ.

‘ಗ್ರಾಮಿಗೆ ಇಷ್ಟು ನೂರು ಫ್ಯಾರಡ್’ ಎಂಬ ಸುದ್ದಿ ಆಗಾಗ ಬರುತ್ತದಲ್ಲ, ಆಗ ನೀವು ಕೇಳಬೇಕಾದ ಪ್ರಶ್ನೆ: ಯಾವುದರ ಗ್ರಾಮು? ಬಹಳ ಸಲ ಅದು ಲೇಪದ ತೂಕ ಮಾತ್ರ. ಲೋಹದ ಹಾಳೆ, ದ್ರಾವಣ, ಡಬ್ಬಿ ಇವು ಲೆಕ್ಕಕ್ಕಿಲ್ಲ. ಗೊಗೊತ್ಸಿ ಮತ್ತು ಸಿಮೊನ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಬಗ್ಗೆ ಎಚ್ಚರಿಸಿದ್ದರು. ಮೇಲಾಗಿ, ನೀರಿನ ದ್ರಾವಣದಲ್ಲಿ ಇಂಥ ಲೇಪ ಸುಮಾರು ಒಂದು ವೋಲ್ಟಿನಷ್ಟು ತಾಳೀತು. ಸಾವಯವ ದ್ರಾವಣದ ಇದ್ದಿಲು ಕೋಶ 2.7 ವೋಲ್ಟು ತಾಳುತ್ತದೆ. ಶಕ್ತಿ ಹೆಚ್ಚುವುದು ವೋಲ್ಟಿನ ವರ್ಗಕ್ಕೆ ತಕ್ಕಂತೆ. ಮಾರುಕಟ್ಟೆಯ ಸೂಪರ್‌ಕೆಪಾಸಿಟರುಗಳಲ್ಲಿ ಬಹುಪಾಲಿನೊಳಗೆ ಇಂದಿಗೂ ಇರುವುದು ಇದ್ದಿಲು.