ಉಚಿತ ಚಾರಣದ ಖರ್ಚು ಯಾರ ಪಾಲಿಗೆ?

(ಮುಂಡಾಜೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹರೂಪ)



ಈ ಊರಿನ ಅಡಿಕೆ ತೋಟದ ಅಂಚಿನಲ್ಲಿ ನಿಂತು ಮೂಡಣಕ್ಕೆ ಮುಖ ಮಾಡಿದರೆ ಕಾಣುವುದು ಚಾರ್ಮಾಡಿಯ ಬೆಟ್ಟಸಾಲು. ಅದರ ಮೇಲೆ ಏನಿದೆ ಎಂದು ಇಲ್ಲಿನ ಮಕ್ಕಳನ್ನು ಕೇಳಿದರೆ ಬಹುಮಂದಿಗೆ ಉತ್ತರ ಹೊಳೆಯದು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬಂದವರಿಗೆ ಮಾತ್ರ ಶಿಖರಗಳ ಹೆಸರೆಲ್ಲ ಬಾಯಿಪಾಠ! ಸಾರ್ವಜನಿಕರಿಗೆ ಉಚಿತವಾಗಿ ಸಾಮೂಹಿಕ ಚಾರಣ ಏರ್ಪಡಿಸಬೇಕೆಂಬ ವಿಚಾರಕ್ಕೆ ಈ ವೈಪರೀತ್ಯವೇ ಮೊದಲ ಕಾರಣ.

ಬೆಟ್ಟವನ್ನು ನಡೆದು ಅರಿಯುವುದು ಹೊಸ ಸಂಗತಿಯೇನಲ್ಲ. 1987ರ ನವೆಂಬರ್ 1ರಂದು ‘ಪಶ್ಚಿಮಘಟ್ಟ ಉಳಿಸಿ’ ಪಾದಯಾತ್ರೆಯ ಒಂದು ತಂಡ ಮಹಾರಾಷ್ಟ್ರದ ನವಾಪುರದಿಂದಲೂ ಇನ್ನೊಂದು ಕನ್ಯಾಕುಮಾರಿಯಿಂದಲೂ ಹೊರಟವು. ಮೂರು ತಿಂಗಳು ನಡೆದು 1988ರ ಫೆಬ್ರವರಿಯಲ್ಲಿ ಗೋವಾದಲ್ಲಿ ಕೂಡಿಕೊಂಡವು. ಹಾದಿಯ ಹಳ್ಳಿಗರ ಮಾತು ಕೇಳುವುದು, ಕಾಡಿನ ಸ್ಥಿತಿಯನ್ನು ಕಣ್ಣಾರೆ ಕಾಣುವುದು ಆ ನಡಿಗೆಯ ಉದ್ದೇಶವಾಗಿತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದುದೂ ಅದೇ 1987ರಲ್ಲಿ.

ಇಂದಿನ ಚಾರಣದ ಚಿತ್ರ ಬೇರೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ತಪಾಸಣಾ ಠಾಣೆಯ ಮುಂದೆ ಜನ ಜಾತ್ರೆಯಂತೆ ನೆರೆದರು. ಬಳಿಕ ಸರಕಾರ ಚಾರಣವನ್ನು ತಡೆದು, ಮುಂಗಡ ನೋಂದಣಿಯ ಪದ್ಧತಿ ತಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಆರಂಭವಾಯಿತು. ಹೀಗಾಗಿ, ಸಂಘಟಕರು ಉಚಿತವೆಂದು ಸಾರಿದರೂ ಇಲಾಖೆಯ ಶುಲ್ಕವಿರುವಲ್ಲಿ ಅದನ್ನು ಕಟ್ಟಲೇಬೇಕು. ಇದನ್ನು ಮೊದಲೇ ತಿಳಿಸದಿದ್ದರೆ ಗೇಟಿನ ಬಳಿ ಜಗಳ ಖಂಡಿತ.

ಮೇಲಿನ ಹುಲ್ಲುಗಾವಲು ನೋಡಲು ಬೋಳು, ಆದರೆ ಅದೇ ನೀರಿನ ತಿಜೋರಿ. ಹುಲ್ಲಿನ ಬೇರು ಮಳೆನೀರನ್ನು ತಡೆದು ಮಣ್ಣಿಗಿಳಿಸುತ್ತದೆ. ಕಣಿವೆಯ ಶೋಲಾ ಕಾಡು ಅದನ್ನು ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ. ಬೇಸಗೆಯಲ್ಲಿ ಮೃತ್ಯುಂಜಯ ಹೊಳೆಯಲ್ಲಿ ಉಳಿಯುವ ನೀರು ಹೀಗೆ ಬಂದದ್ದು. ನೂರಾರು ಕಾಲುಗಳು ದಾರಿ ಬಿಟ್ಟು ಅಡ್ಡಾದಿಡ್ಡಿ ತುಳಿದರೆ ಹುಲ್ಲು ಸತ್ತು ಗೀರು ಬೀಳುತ್ತದೆ, ಮುಂದಿನ ಮಳೆಗೆ ಆ ಗೀರೇ ಕೊರಕಲಾಗುತ್ತದೆ. 2019ರ ಆಗಸ್ಟಿನಲ್ಲಿ ಘಟ್ಟದ ಮೇಲಿಂದ ಮಣ್ಣು, ಮರ, ಬಂಡೆ ಇಳಿದು ಚಾರ್ಮಾಡಿ, ದಿಡುಪೆ ಕಡೆಯ ತೋಟಗಳನ್ನು ಮುಚ್ಚಿದ್ದನ್ನು ಕಂಡವರು ಇಲ್ಲಿಯೇ ಕುಳಿತಿದ್ದಾರೆ. ಆ ಕುಸಿತಕ್ಕೆ ಚಾರಣಿಗರು ಕಾರಣರೆಂದು ಹೇಳುವುದು ಅನ್ಯಾಯ. ಅತಿವೃಷ್ಟಿಯೇ ಅದರ ಮುಖ್ಯ ಕಾರಣ. ಆದರೆ ಗಾಯಗೊಂಡ ಇಳಿಜಾರಿನಲ್ಲಿ ಕಾಲಿಡುವಾಗ ಎಚ್ಚರ ಬೇಡವೇ?

ಇನ್ನು ಮಾರ್ಗದರ್ಶಕರ ವಿಷಯ. ಇದೇ ಅತಿ ಸೂಕ್ಷ್ಮ. ಬಂಡಾಜೆ ಅರ್ಬಿಗೆ (‘ಅರ್ಬಿ’ ಎಂದರೆ ತುಳುವಿನಲ್ಲಿ ಜಲಪಾತ, ‘ಅರ್ಬಿ ಫಾಲ್ಸ್’ ಎನ್ನುವವರು ಎರಡು ಸಲ ಬೀಳುತ್ತಾರೆ) ದಾರಿ ತೋರುವವನು ಬುಡದ ಊರಿನ ಯುವಕ. ಯಾವ ಹಳ್ಳ ಮಧ್ಯಾಹ್ನದ ಮಳೆಗೆ ಉಕ್ಕುತ್ತದೆ, ಆನೆ ಎಲ್ಲಿ ದಾಟುತ್ತದೆ ಎಂಬುದು ಅವನಿಗೆ ಗೊತ್ತು, ಮೊಬೈಲಿನ ನಕ್ಷೆಗೆ ಗೊತ್ತಿಲ್ಲ. ಉಚಿತ ಚಾರಣದ ಹೆಸರಿನಲ್ಲಿ ಅವನ ದಿನಗೂಲಿಯನ್ನು ಕಸಿದರೆ ಅದು ಸೇವೆಯಲ್ಲ. ನಡೆಯುವವರಿಗೆ ಉಚಿತವಾಗಿರಲಿ, ಅವನ ಸಂಬಳವನ್ನು ಸಂಘಟಿಸುವವರೇ ವಂತಿಗೆ ಎತ್ತಿ ಕೊಡಬೇಕು. ಅಷ್ಟು ಹಣ ಕೂಡದ ತಿಂಗಳು ಚಾರಣ ಬೇಡ.

ಮೊದಲ ನಡಿಗೆಗೆ ಗಡಾಯಿಕಲ್ಲು ಸಾಕು. 1794ರಲ್ಲಿ ಟಿಪ್ಪು ಕಟ್ಟಿಸಿದ ಜಮಲಾಬಾದ್ ಕೋಟೆ ಅದರ ನೆತ್ತಿಯಲ್ಲಿದೆ. ಮೆಟ್ಟಿಲುಗಳಿರುವುದರಿಂದ ದಾರಿ ತಪ್ಪುವ ಭಯ ಕಡಿಮೆ. ಮಳೆಗಾಲದಲ್ಲಿ ಮಾತ್ರ ಆ ಕಲ್ಲು ಜಾರುತ್ತದೆ, ಡಿಸೆಂಬರಿನಲ್ಲಿ ಹೊರಡುವುದು ಲೇಸು. ತಂಡ ಇಪ್ಪತ್ತು ಮಂದಿ ಮೀರದಿರಲಿ, ಹಿಂದೆ ಒಬ್ಬ ಹಿರಿಯರು ಬರಲಿ, ಹತ್ತುವಾಗಲೂ ಇಳಿದ ಮೇಲೂ ತಲೆ ಎಣಿಸಿ. ಬೆಂಕಿ ಹಚ್ಚಬಾರದು. ಒಯ್ದ ಬಾಟಲಿ ಮರಳಿ ಚೀಲಕ್ಕೆ. ಬುತ್ತಿ ಬಾಳೆಲೆಯಲ್ಲಿ ಕಟ್ಟಿಸಿಕೊಳ್ಳಿ, ಮುಂಡಾಜೆಯಲ್ಲಿ ಬಾಳೆಗೇನು ಬರವೇ?

ಹೆಸರು ಕೊಡುವವರು ಸಭೆ ಮುಗಿದ ಕೂಡಲೇ ಬಾಗಿಲ ಬಳಿಯ ಪುಸ್ತಕದಲ್ಲಿ ಬರೆಯಬಹುದು. ಶಾಲಾ ಮಕ್ಕಳು ಮನೆಯವರ ಸಹಿ ತರಬೇಕು.